ಆರು, ಮತ್ತೊಂದು, ಎಂಟು

೧೯೭೦ರಲ್ಲಿ ನಾನು ಏಳನೆಯ ತರಗತಿಯ ಬೆಂಚಿನಿಂದ ಎದ್ದು ಹೊರಗೆ ಬಂದೆ. ಮತ್ತೆ ಬೆಂಚಿನ ಮೇಲೆ ಕೂತದ್ದು ಹನ್ನೊಂದು ವರ್ಷ ಕಳೆದ ಮೇಲೆ, ಅದೂ ಒಂದೇ ಒಂದು ಭಾನುವಾರ. ಮೊಣಕಾಲು ಗಲ್ಲಕ್ಕೆ ತಾಗುವಷ್ಟು ಕುಳ್ಳ ಬೆಂಚು, ಸುತ್ತ ಎಂಟು ವರ್ಷದ ಮಕ್ಕಳು. ಆ ಭಾನುವಾರದ ಕತೆ ಹೇಳುವ ಮೊದಲು ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು.

ಶಾಲೆ ಬಿಟ್ಟದ್ದಕ್ಕೆ ನನಗೆ ನಾಚಿಕೆ ಇಲ್ಲ. ಅಪ್ಪ ಹಂಚಿನ ಕಾರ್ಖಾನೆಯಲ್ಲಿದ್ದವರು. ಅವರ ಸೊಂಟ ಹೋಯಿತು, ನಾನು ಹಿರಿಯ ಮಗ. ಅಪ್ಪ ಸುಟ್ಟ ಹಂಚನ್ನು ಮಗ ಮಾಡಿಗೆ, ಎಂದರೆ ಮನೆಯ ಸೂರಿಗೆ, ಏರಿಸಿದ, ಅಷ್ಟೇ. ಮಂಗಳೂರಿನಲ್ಲಿ ಮನೆ ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮಳೆಗಾಲದಲ್ಲಿ ಮನೆಯೊಳಗೆ ಒಂದು ಹನಿ ಬೀಳದ ಹಾಗೆ ಮಾಡು ಹೊದಿಸುವವರು ಬೆರಳೆಣಿಕೆಯವರು, ಅದರಲ್ಲಿ ನಾನೊಬ್ಬ. ಇದು ಜಂಬ ಅಲ್ಲ. ನಾನು ಹೊದಿಸಿದ ಮಾಡುಗಳು ಇನ್ನೂ ಇವೆ, ಯಾರು ಬೇಕಾದರೂ ಜುಲೈ ತಿಂಗಳಲ್ಲಿ ಹೋಗಿ ಕೆಳಗೆ ನಿಂತು ನೋಡಬಹುದು.

ಹಂಚು ಏರಿಸುವುದು ಕೈಯಿಂದ ಕೈಗೆ. ಕೆಳಗೆ ಒಬ್ಬ, ಏಣಿಯ ನಡುವೆ ಒಬ್ಬ, ಮೇಲೆ ಮರದ ಪಕ್ಕಾಸಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಹಿಡಿಯುವವನೊಬ್ಬ. ಹಿಡಿಯುವವನೇ ಲೆಕ್ಕ ಕೂಗಬೇಕು. ಆ ಕೂಗಿನ ತಾಳಕ್ಕೆ ಮೂವರ ಕೈಯೂ ನಡೆಯುತ್ತದೆ. ನಮಗೆ ಕೆಲಸ ಕಲಿಸಿದ ಮೇಸ್ತ್ರಿ ಘಟ್ಟದ ಮೇಲಿನವರು. ಹಾಗಾಗಿ ಮನೆಯಲ್ಲಿ ನಾನು ಕೊಂಕಣಿ, ಜೊತೆಗಾರರು ಬೇರೆ ಬೇರೆ ಭಾಷೆ, ಆದರೆ ಲೆಕ್ಕ ಮಾತ್ರ ಎಲ್ಲರದ್ದೂ ಕನ್ನಡ. ‘ಒಂದು’ ಎನ್ನಬಾರದು, ಅಕ್ಕಿ ಅಳೆಯುವವರ ಹಾಗೆ ‘ಲಾಭ’ ಎಂದು ಶುರು ಮಾಡಬೇಕು. ಇನ್ನು ‘ಏಳು’ ಎಂಬುದಂತೂ ಬಾಯಿ ತಪ್ಪಿಯೂ ಬರಬಾರದು. ಮಾಡಿನ ಮೇಲೆ ಕೂತವನಿಗೆ ಯಾರಾದರೂ ‘ಏಳು’ ಎಂದು ಕೂಗಿದರೆ ಅವನು ಎದ್ದೇ ಬಿಡುತ್ತಾನೆ. ಎದ್ದವನು ಎಲ್ಲಿಗೆ ಹೋಗುತ್ತಾನೆಂದು ಹೇಳಬೇಕಾಗಿಲ್ಲ. ಮೇಸ್ತ್ರಿಯ ಎಡಗಾಲು ಸೊಟ್ಟಗಾದದ್ದು ಅಂಥ ಒಂದು ‘ಏಳು’ ಕೇಳಿಯೇ ಎಂದು ಅವರು ಹೇಳುತ್ತಿದ್ದರು. ಆದ್ದರಿಂದ ನಮ್ಮ ಲೆಕ್ಕ ಹೀಗೆ: ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಮತ್ತೊಂದು, ಎಂಟು. ಹತ್ತು ವರ್ಷ ಹೀಗೆ ಕೂಗಿದವನ ನಾಲಿಗೆಯಲ್ಲಿ ‘ಏಳು’ ಎಂಬ ಶಬ್ದಕ್ಕೆ ಜಾಗವೇ ಉಳಿಯುವುದಿಲ್ಲ.

ನನ್ನ ಜೊತೆಗಾರರು ಇಬ್ಬರು. ಏಣಿಯ ನಡುವೆ ನಿಲ್ಲುವವನು ಬಂಟ. ದೊಡ್ಡ ಗುತ್ತಿನ ಮನೆಯವನು, ಗದ್ದೆ ಹೋದ ಮೇಲೂ ಗತ್ತು ಹೋಗಿರಲಿಲ್ಲ. ಏಣಿಯ ಮೇಲೆ ನಿಂತಾಗಲೂ ಚಾವಡಿಯಲ್ಲಿ ನಿಂತವನ ಹಾಗೆ ಕಾಣುತ್ತಿದ್ದ. ಕೆಳಗಿನಿಂದ ಹಂಚು ಎಸೆಯುವವನು ತೊಕ್ಕೊಟ್ಟಿನ ಬ್ಯಾರಿ. ಇಬ್ಬರೂ ನನ್ನನ್ನು ಕರೆಯುತ್ತಿದ್ದದ್ದು ‘ಪೊರ್ಬು’ ಎಂದು. ಕ್ರಿಶ್ಚಿಯನ್ನರನ್ನು ತುಳುವಿನಲ್ಲಿ ಹಾಗೆಯೇ ಕರೆಯುವುದು. ಏಣಿ ಹತ್ತುವ ಮೊದಲು ನಾನು ಶಿಲುಬೆಯ ಗುರುತು ಹಾಕುತ್ತಿದ್ದೆ. ಬಂಟ ಏಣಿಯ ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಬ್ಯಾರಿ ಬಿಸ್ಮಿ ಹೇಳಿ ಮೊದಲ ಹಂಚು ಎತ್ತುತ್ತಿದ್ದ. ಮಧ್ಯಾಹ್ನ ಹನ್ನೆರಡಕ್ಕೆ ಇಗರ್ಜಿಯ ಗಂಟೆ ಕೇಳಿದರೆ ನಾನು ತಲೆಗೆ ಸುತ್ತಿದ ಬೈರಾಸು ತೆಗೆದು ಪ್ರಾರ್ಥನೆ ಹೇಳುವೆ, ಅಷ್ಟು ಹೊತ್ತು ಹಂಚು ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿಯೇ ಇರುತ್ತಿತ್ತು. ಹೆಚ್ಚಾಗಿ ಅದು ಬಂಟನ ಕೈಯಲ್ಲಿ. ನನ್ನ ದೇವರಿಗೆ ತನ್ನ ತೋಳಿನ ಮೇಲೆಯೇ ಯಾಕೆ ಕಣ್ಣು ಎಂದು ಅವನು ಕೇಳುತ್ತಿದ್ದ, ಆದರೆ ಒಂದು ದಿನವೂ ಹಂಚು ಕೆಳಗಿಟ್ಟವನಲ್ಲ.

ಇನ್ನು ಮದುವೆಯ ವಿಷಯ.

೧೯೮೧ರ ಜನವರಿಯಲ್ಲಿ ನನಗೆ ಒಂದು ಸಂಬಂಧ ನಿಶ್ಚಯವಾಯಿತು. ಹುಡುಗಿ ನಮ್ಮದೇ ಇಗರ್ಜಿಯವಳು, ಭಾನುವಾರ ಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶ ಕಲಿಸುವವಳು. ಅವಳಿಗೆ ನಾನು ಒಪ್ಪಿಗೆಯಾಗಿದ್ದೆ. ಅವಳ ಅಪ್ಪನಿಗೆ ಅರ್ಧ ಒಪ್ಪಿಗೆ. ಅವರು ಶಾಲಾ ಮಾಸ್ತರರು. ಶಾಲೆಯಿಂದ ಎದ್ದು ಹೋದವನಿಗೆ ಮಗಳನ್ನು ಕೊಡುವುದು ಅವರಿಗೆ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಆಗಿತ್ತು. ಬೊಂಬಾಯಿಯಲ್ಲಿ ಕ್ಲಾರ್ಕ್ ಆಗಿದ್ದ ಒಬ್ಬನ ಮನೆಯವರೂ ಕೇಳಿದ್ದರು. ಮಾಸ್ತರರು ನನಗೆ ಒಂದೇ ಷರತ್ತು ಹಾಕಿದರು: ಮದುವೆ ತಪಸ್ಸುಕಾಲಕ್ಕೆ ಮೊದಲು ಆಗಬೇಕು.

ತಪಸ್ಸುಕಾಲದಲ್ಲಿ ನಮ್ಮಲ್ಲಿ ಮದುವೆ ಇಲ್ಲ. ಅದು ಮುಗಿದು ಈಸ್ಟರ್ ಬರುವಾಗ ಏಪ್ರಿಲ್. ಏಪ್ರಿಲ್, ಮೇ ಎಂದರೆ ಮಳೆಗೆ ಮೊದಲು ಇಡೀ ಊರೇ ಮಾಡು ಬಿಚ್ಚಿಸುವ ಕಾಲ, ಹಂಚಿನವನು ಆಗ ಮದುಮಗನಾಗಿ ಕೂತರೆ ನೂರು ಮನೆಯವರ ಶಾಪ. ಆಮೇಲೆ ಮಳೆ. ಎಂದರೆ ಮುಂದಿನ ವರ್ಷವೇ. ಅಷ್ಟು ಕಾಯಲಿಕ್ಕೆ ಮಾಸ್ತರರು ತಯಾರಿರಲಿಲ್ಲ. ಆ ವರ್ಷ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮಾರ್ಚ್ ಮೊದಲ ವಾರದಲ್ಲಿ ಬಿದ್ದಿತ್ತು. ಮದುವೆಗೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ ನಮ್ಮ ಹೆಸರು ಓದಬೇಕು. ಹೆಸರು ಓದುವ ಮೊದಲು ಪಾದ್ರಿಗಳ ಮುಂದೆ ಪರೀಕ್ಷೆ ಆಗಬೇಕು: ಪ್ರಾರ್ಥನೆ, ದೇವರ ಕಟ್ಟಳೆ, ಸಂಸ್ಕಾರ. ನಾನು ಹೆದರಲಿಲ್ಲ. ಪ್ರಾರ್ಥನೆ ನನಗೆ ಉಸಿರಾಡಿದ ಹಾಗೆ ಬರುತ್ತಿತ್ತು.

ಜನವರಿಯ ಕೊನೆಯ ಭಾನುವಾರ ಪಾದ್ರಿಗಳ ಕೋಣೆಗೆ ಹೋದೆ. ಮಾಸ್ತರರು ಹೊರಗೆ ಜಗಲಿಯಲ್ಲಿ ಕೂತರು, ಬಾಗಿಲು ತೆರೆದೇ ಇತ್ತು. ಪ್ರಾರ್ಥನೆಗಳೆಲ್ಲ ಸರಾಗವಾಗಿ ಹೋದವು. ಪಾದ್ರಿಗಳು ಮೂಗಿನ ಮೇಲಿನ ಕನ್ನಡಕ ತೆಗೆದು, ಸಂಸ್ಕಾರಗಳು ಎಷ್ಟು, ಯಾವುದೆಲ್ಲ ಎಂದು ಕೇಳಿದರು. ಮಾತೆಲ್ಲ ಕೊಂಕಣಿಯಲ್ಲಿ ಆದದ್ದು. ಲೆಕ್ಕ ಮಾತ್ರ ನನ್ನ ಬಾಯಿಂದ ಕೆಲಸದ ಕನ್ನಡದಲ್ಲಿ ಹೊರಟಿತು. ಲಾಭ, ಜ್ಞಾನಸ್ನಾನ. ಪಾದ್ರಿಗಳು ತಲೆ ಎತ್ತಿದರು. ಎರಡು, ದೃಢೀಕರಣ. ಮೂರು, ಪರಮಪ್ರಸಾದ. ನಾಲ್ಕು, ಪಾಪನಿವೇದನೆ. ಐದು, ರೋಗಿಗಳ ಅಭ್ಯಂಗ. ಆರು, ಗುರುದೀಕ್ಷೆ. ಮತ್ತೊಂದು.

ಅಲ್ಲಿಗೆ ನಿಂತೆ. ಲೆಕ್ಕ ಮುಂದೆ ಎಂಟಕ್ಕೆ ಎಳೆಯುತ್ತಿತ್ತು, ಎಂಟು ಇಲ್ಲವೆಂದು ನನಗೆ ಗೊತ್ತಿತ್ತು.

“ಮತ್ತೊಂದು ಉಂಟು, ಸರಿ. ಅದು ಎಂತ?”

“ಮತ್ತೊಂದು, ಫಾದರ್.”

“ಅದೇ ಮಾರಾಯ, ಆ ಮತ್ತೊಂದು ಯಾವುದು?”

ಆರರ ತನಕ ಬಂದ ಕೈ ಗಾಳಿಯಲ್ಲಿ ಹಂಚಿಗಾಗಿ ತಡವರಿಸಿದ ಹಾಗೆ ಆಯಿತು. ಪಾದ್ರಿಗಳು ಒಳ್ಳೆಯವರು, ಸಹಾಯ ಮಾಡಲು ನೋಡಿದರು.

“ನೀನು ಇವತ್ತು ಇಲ್ಲಿಗೆ ಎಂತಕ್ಕೆ ಬಂದದ್ದು?”

“ಪರೀಕ್ಷೆಗೆ, ಫಾದರ್.”

ಪಾದ್ರಿಗಳು ಕನ್ನಡಕ ಒರೆಸುವ ನೆಪದಲ್ಲಿ ಮುಖ ಆಚೆ ತಿರುಗಿಸಿದರು. ಅವರ ಭುಜ ಅಲುಗುತ್ತಿತ್ತು. ಜಗಲಿಯಿಂದ ಮಾಸ್ತರರ ಸ್ವರ ಕೇಳಿತು:

“ಏಳನೇ ಕ್ಲಾಸು ಬಿಟ್ಟವನಿಗೆ ಏಳನೇ ಸಂಸ್ಕಾರ ಗೊತ್ತಿರುದು ಹೇಗೆ?”

ಮದುವೆ ಕೇಳಲು ಹೋಗಿ ಮದುವೆಯ ಹೆಸರನ್ನೇ ಮರೆತವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಪಾದ್ರಿಗಳು ತೀರ್ಪು ಕೊಟ್ಟರು: ಮುಂದಿನ ಭಾನುವಾರ ಮಕ್ಕಳ ಧರ್ಮೋಪದೇಶದ ತರಗತಿಯಲ್ಲಿ ಕೂರಬೇಕು, ಕೊನೆಗೆ ಅವರೇ ಬಂದು ಅಲ್ಲಿಯೇ ಕೇಳುತ್ತಾರೆ. ಪರೀಕ್ಷೆಗೆ ಅದೇ ಕೊನೆಯ ಅವಕಾಶ. ತಪ್ಪಿದರೆ ಮೂರು ಓದು ಮುಗಿಯುವಾಗ ಬೂದಿ ಬುಧವಾರ ಬಾಗಿಲಿಗೆ ಬಂದಿರುತ್ತಿತ್ತು. ಬೆಂಚಿನಲ್ಲಿ ಕೂರುವುದಿಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ಬೊಂಬಾಯಿಯ ಕ್ಲಾರ್ಕನ ನೆನಪಾಗಿ ನುಂಗಿಕೊಂಡೆ.

ಆ ವಾರ ಹಂಪನಕಟ್ಟೆಯಲ್ಲಿ ಒಂದು ಹಳೆಯ ಜವಳಿ ಅಂಗಡಿಯ ಮಾಡು ನಮ್ಮ ಕೈಯಲ್ಲಿತ್ತು. ಸೋಮವಾರ ಬೆಳಿಗ್ಗೆ ನಾನು ನಡೆದದ್ದನ್ನೆಲ್ಲ ಹೇಳಿದೆ. ಬ್ಯಾರಿ ನಗಲು ಶುರು ಮಾಡಿದವನು ಹಂಚಿನ ರಾಶಿಯ ಮೇಲೆ ಕೂತುಬಿಟ್ಟ. ಬಂಟ ನಗಲಿಲ್ಲ, ಏಣಿಯ ನಡುವೆ ನಿಂತು, ಯಜಮಾನಿಕೆಯ ಗತ್ತಿನಲ್ಲಿ ಹೇಳಿದ:

“ನೋಡು ಪೊರ್ಬು, ನಿನ್ನ ತಲೆಗೆ ಪಾಠ ಹತ್ತುದಿಲ್ಲ, ತಾಳ ಹತ್ತುತ್ತದೆ. ಇವತ್ತಿನಿಂದ ಮತ್ತೊಂದು ಇಲ್ಲ. ಆರು ಆದ ಮೇಲೆ ಮದುವೆ.”

ಹಾಗೆಯೇ ಆಯಿತು. ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಮದುವೆ, ಎಂಟು. ನಾನು ಮರೆತು ‘ಮತ್ತೊಂದು’ ಎಂದರೆ ಬಂಟ ಹಂಚನ್ನು ಕೊಡದೆ ಎದೆಗೊತ್ತಿ ಹಿಡಿದುಕೊಂಡು ನಿಲ್ಲುತ್ತಿದ್ದ. ಬುಧವಾರದ ಹೊತ್ತಿಗೆ ಕೆಳಗೆ ಬಸ್ಸಿಗೆ ಕಾಯುವವರು ಮೇಲೆ ನೋಡತೊಡಗಿದರು. ಜವಳಿ ಅಂಗಡಿಯ ಧಣಿ ಹೊರಗೆ ಬಂದು, ಇದು ಎಷ್ಟನೆಯ ಮದುವೆ ಎಂದು ಕೇಳಿದರು. ಬ್ಯಾರಿ ಕೆಳಗಿನಿಂದಲೇ, ಪೊರ್ಬುವಿಗೆ ಬೆಳಿಗ್ಗೆಯಿಂದ ನಲವತ್ತು ಆಯಿತು, ತನ್ನ ಧರ್ಮದಲ್ಲಿ ಸಹ ಅಷ್ಟಕ್ಕೆ ಬಿಡುವುದಿಲ್ಲ ಎಂದು ಉತ್ತರ ಕೊಟ್ಟ. ನಾನು ಪಕ್ಕಾಸಿನ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕೆ. ಕೆಲಸದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು.

ಭಾನುವಾರ ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಹಿಂದಿನ ಬೆಂಚಿನಲ್ಲಿ ಕೂತೆ. ಮಕ್ಕಳು ಒಬ್ಬರನ್ನೊಬ್ಬರು ತಿವಿಯುತ್ತ ಹಿಂದೆ ಹಿಂದೆ ನೋಡುತ್ತಿದ್ದವು. ನನ್ನ ಹುಡುಗಿ ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದಳು, ಕಿವಿಯ ತುದಿ ಕೆಂಪಾಗಿತ್ತು, ಆದರೆ ಸ್ವರ ಗಟ್ಟಿ. ಎಲ್ಲ ಮಕ್ಕಳನ್ನು ಕೇಳಿದ ಹಾಗೆಯೇ ನನ್ನನ್ನೂ ಎಬ್ಬಿಸಿದಳು. ಆ ಹೊತ್ತಿಗೆ ಪಾದ್ರಿಗಳು ಬಂದು ಬಾಗಿಲಲ್ಲಿ ನಿಂತಿದ್ದರು, ಹಿಂದೆ ಮಾಸ್ತರರು. ನಾನು ಲಾಭದಿಂದ ಶುರು ಮಾಡಿದೆ. ಆರು, ಗುರುದೀಕ್ಷೆ ಎಂದವನು ಏಳನೆಯದನ್ನು ಹಂಪನಕಟ್ಟೆಯ ಮಾಡಿನಿಂದ ಕೂಗಿದಷ್ಟೇ ಜೋರಾಗಿ ಕೂಗಿದೆ. ಮಕ್ಕಳು ಚಪ್ಪಾಳೆ ತಟ್ಟಿದವು. ನನ್ನ ಹುಡುಗಿ ಹಾಜರಿ ಪುಸ್ತಕವನ್ನು ಮುಖದವರೆಗೆ ಎತ್ತಿಕೊಂಡಳು.

ನಾನು ಕೂರಬೇಕೆನ್ನುವಾಗ ಪಾದ್ರಿಗಳು ಮುಂದೆ ಬಂದು, ದೇವರ ಕಟ್ಟಳೆಗಳಲ್ಲಿ ಏಳನೆಯದು ಯಾವುದೆಂದು ಕೇಳಿದರು. ಬಾಯಿ ‘ಮದುವೆ’ಗೆ ತೆರೆದಿತ್ತು, ಹೇಗೋ ತಡೆದು, ಕದಿಯಬಾರದು ಎಂದೆ. ಅವರಿಗೆ ಅಷ್ಟು ಸಾಕಾಗಲಿಲ್ಲ.

“ಕದಿಯಬಾರದು, ಸರಿ. ಹಂಚಿನ ಕೆಲಸದವನು ಕದಿಯುದು ಹೇಗೆ? ಮಕ್ಕಳಿಗೆ ಹೇಳು.”

ಇದು ಪುಸ್ತಕದ ಪ್ರಶ್ನೆ ಅಲ್ಲ, ನನ್ನ ಪ್ರಶ್ನೆ. ನನಗೆ ಹುರುಪು ಬಂತು. ಹಳೆಯ ಒಳ್ಳೆಯ ಹಂಚನ್ನು ಒಡೆದಿದೆ ಎಂದು ಹೇಳಿ ಬೇರೆ ಕಡೆಗೆ ಸಾಗಿಸುವವರಿದ್ದಾರೆ, ಅದು ಒಂದು ರೀತಿ ಎಂದೆ. ಹಂಚಿನ ಮೇಲೆ ಹಂಚು ಕೂರಿಸುವಾಗ ಎಳೆದು ಎಳೆದು ಕೂರಿಸಿ, ಹತ್ತರ ಜಾಗದಲ್ಲಿ ಒಂಬತ್ತು ಹಾಕುವವರಿದ್ದಾರೆ, ಅದು ಎರಡನೆಯದು. ಎರಡನ್ನೂ ನಾನು ಜನ್ಮದಲ್ಲಿ ಮಾಡಿದವನಲ್ಲ ಎಂದೂ ಸೇರಿಸಿದೆ. ಮೂರನೆಯದು, ಒಡಕು ಹಂಚನ್ನು ಯಜಮಾನರ ಕಣ್ಣಿಗೆ ಬೀಳದ ಕಡೆ ಸಿಮೆಂಟು ಸವರಿ ಕೂರಿಸುವುದು ಎಂದು ಹೇಳಹೊರಟವನು ಅರ್ಧಕ್ಕೆ ನಿಂತೆ.

ತೊಕ್ಕೊಟ್ಟಿನಲ್ಲಿ ಒಬ್ಬ ಮುದುಕಿಯ ಮನೆ. ಬ್ಯಾರಿಯ ಕೇರಿಯವರೇ, ಒಬ್ಬರೇ ಇರುವವರು, ನಾವೆಲ್ಲ ಉಮ್ಮ ಎಂದು ಕರೆಯುವುದು. ಹಿಂದಿನ ಮೇ ತಿಂಗಳ ಕೊನೆಗೆ ಅವರ ಅಡಿಗೆಮನೆಯ ಮಾಡಿಗೆ ಒಂದು ಹಂಚು ಕಡಿಮೆ ಬಿತ್ತು. ಕಡಲಿನ ಕಡೆ ಮೋಡ ಕಪ್ಪಾಗಿತ್ತು. ನಾನು ಒಂದು ಒಡಕು ಹಂಚಿಗೆ ಸಿಮೆಂಟು ಸವರಿ ಕೂರಿಸಿ, ನಾಳೆ ಬಂದು ಬದಲಾಯಿಸುವೆ ಎಂದುಕೊಂಡು ಇಳಿದೆ. ಆ ನಾಳೆ ಬರಲೇ ಇಲ್ಲ. ಜೊತೆಗಾರರಿಗೂ ಹೇಳಿರಲಿಲ್ಲ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ.

ಮಕ್ಕಳು ಕಾಯುತ್ತಿದ್ದವು. ಮಾಸ್ತರರು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಸುಮ್ಮನೆ ಕೂತಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ, ಮದುವೆ ಕೈಯಲ್ಲಿತ್ತು. ಆದರೆ ಎಂಟು ವರ್ಷದ ಮಕ್ಕಳ ಮುಂದೆ ಏಳನೆಯ ಕಟ್ಟಳೆ ವಿವರಿಸುತ್ತ ನಿಂತವನಿಗೆ ಕೂರಲು ಆಗಲಿಲ್ಲ. ಮೂರನೆಯದನ್ನು ನಾನು ಒಮ್ಮೆ ಮಾಡಿದ್ದೇನೆ ಎಂದೆ. ಎಲ್ಲಿ, ಹೇಗೆ ಎಂದೂ ಹೇಳಿದೆ. ಉಮ್ಮನ ಹೆಸರು ಮಾತ್ರ ಹೇಳಲಿಲ್ಲ.

ಪಾದ್ರಿಗಳು ನನ್ನನ್ನು ನೋಡಿ, ಧರ್ಮೋಪದೇಶದಲ್ಲಿ ಪಾಸು ಎಂದರು. ಮುಂದಿನ ಭಾನುವಾರ ಮೊದಲ ಓದು, ಅದಕ್ಕೆ ಮೊದಲು ಆ ಹಂಚು ಬದಲಾಗಿರಬೇಕು. ನಾನು ತಲೆ ತಗ್ಗಿಸಿ ಹೊರಗೆ ಹೊರಟೆ. ಬಾಗಿಲ ಹತ್ತಿರ ನನ್ನ ಹುಡುಗಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು:

“ಆ ಹಂಚು ಬದಲಾಯಿಸದೆ ಬಂದ್ರೆ ಫಾದರ್ ಓದಿದ್ರೂ ನಾನು ಬರುದಿಲ್ಲ. ಬದಲಾಯಿಸಿ ಬನ್ನಿ, ನಾನು ಕಾಯ್ತೇನೆ.”

ಅಲ್ಲಿಯವರೆಗೆ ಅವಳು ನನ್ನೊಡನೆ ಆಡಿದ ಮಾತುಗಳಲ್ಲಿ ಅದೇ ಅತಿ ಉದ್ದದ್ದು.

ಮರುದಿನವೇ ಹೊಸ ಹಂಚು ಹಿಡಿದು ಮೂವರೂ ಬಸ್ಸು ಹತ್ತಿದೆವು. ನೇತ್ರಾವತಿಯ ಸೇತುವೆ ದಾಟುವಾಗ ಜೊತೆಗಾರರಿಗೆ ವಿಷಯ ಹೇಳಿದೆ. ಬ್ಯಾರಿ ಕಿಟಕಿಯ ಆಚೆ ನೋಡುತ್ತ ಕೂತ. ತನ್ನ ಕೇರಿಯ ಮನೆ, ಬೇಸರವಾಗದೆ ಇರುತ್ತದೆಯೇ. ಸ್ವಲ್ಪ ದೂರ ಹೋದ ಮೇಲೆ, ಹೇಳಿದ್ದಿದ್ದರೆ ತಾನೇ ಒಂದು ಹಂಚು ತಂದು ಕೊಡುತ್ತಿದ್ದೆನಲ್ಲ ಎಂದ. ಅಷ್ಟೇ.

ಉಮ್ಮ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದರು. ನಾನು ನಿಂತಲ್ಲಿಂದಲೇ ಎಲ್ಲ ಹೇಳಿಬಿಟ್ಟೆ, ತಪ್ಪಾಯಿತು ಎಂದೂ ಹೇಳಿದೆ. ಅವರು ಮೊರ ಕೆಳಗಿಟ್ಟು ನನ್ನನ್ನು ಅಡಿಗೆಮನೆಗೆ ಕರೆದುಕೊಂಡು ಹೋದರು. ಒಡಕು ಹಂಚಿನ ಸರಿಯಾಗಿ ಕೆಳಗೆ ಒಂದು ದೊಡ್ಡ ತಾಮ್ರದ ಹಂಡೆ ಇತ್ತು.

“ನೀನು ಗೊತ್ತಿದ್ದು ಮಾಡಿದ್ದಾ ಮೋನೆ? ನಾನು ಅಂದಾಜು ಮಾಡಿದ್ದು, ಪೊರ್ಬು ನನಗೆ ನೀರಿನ ನಳ್ಳಿ ಹಾಕಿ ಹೋಗಿದ್ದಾನೆ ಅಂತ. ನಾಲ್ಕು ತಿಂಗಳು ಬಾವಿಗೆ ಹೋಗ್ಲಿಕ್ಕೆ ಇರ್ಲಿಲ್ಲ.”

ಬಂಟ ಬಾಗಿಲಿಗೆ ಒರಗಿ ನಕ್ಕ. ಉಮ್ಮ ಹಂಚು ಹಾಗೆಯೇ ಇರಲಿ ಎಂದರು. ನಾನು ಆಗುವುದಿಲ್ಲ ಎಂದೆ. ಕೊನೆಗೆ ಅವರು ತಮ್ಮ ಒಂದು ಆಸೆ ಹೇಳಿದರು. ಅಡಿಗೆಮನೆಗೆ ಕಿಟಕಿ ಇಲ್ಲ, ಕಣ್ಣು ಮಂದವಾಗಿದೆ, ಅನ್ನಕ್ಕೆ ಉಪ್ಪು ಬಿದ್ದಿತೋ ಹೊರಗೆ ಬಿದ್ದಿತೋ ಕಾಣುವುದಿಲ್ಲ. ಬದಲಾಯಿಸಲೇಬೇಕೆಂದಿದ್ದರೆ ಅಲ್ಲಿಗೆ ಬೆಳಕಿನ ಹಂಚು ಸಿಗುತ್ತದೆಯೇ?

ಬ್ಯಾರಿ ತೊಕ್ಕೊಟ್ಟಿನ ಪೇಟೆಗೆ ಓಡಿ ಒಂದು ಗಾಜಿನ ಹಂಚು ತಂದ. ನಾನು ಶಿಲುಬೆಯ ಗುರುತು ಹಾಕಿ ಏರಿದೆ, ಒಡಕನ್ನು ತೆಗೆದೆ, ಗಾಜಿನದನ್ನು ಕೂರಿಸಿದೆ. ಕೆಳಗೆ ನೋಡಿದರೆ ಒಲೆಯ ಮೇಲೆ ಒಂದು ಚೌಕ ಬಿಸಿಲು ಬಿದ್ದಿತ್ತು. ಉಮ್ಮ ಆ ಬಿಸಿಲಿನೊಳಗೆ ಕೈ ಚಾಚಿ, ಅಂಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. ಇಷ್ಟು ವರ್ಷ ಎಷ್ಟೋ ಮಾಡು ಹೊದಿಸಿದ್ದೇನೆ. ಮೇಲಿನಿಂದ ಕಂಡ ನೋಟಗಳಲ್ಲಿ ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಊಟಕ್ಕೆ ಅಕ್ಕಿರೊಟ್ಟಿ, ಮೀನಿನ ಸಾರು ಆಯಿತು. ಒಡಕು ಹಂಚನ್ನು ನಾನು ಬೈರಾಸಿನಲ್ಲಿ ಸುತ್ತಿ ತಂದೆ.

ಭಾನುವಾರ ಇಗರ್ಜಿಯಲ್ಲಿ ನಮ್ಮ ಹೆಸರು ಓದಿದರು. ಪೂಜೆ ಬಿಟ್ಟ ಮೇಲೆ ಮಾಸ್ತರರು ನನ್ನನ್ನು ಮೂಲೆಗೆ ಕರೆದರು. ಗಂಟಲು ಸರಿಮಾಡಿಕೊಂಡು, ತಮ್ಮ ಮನೆಯ ಮಾಡನ್ನು ಸಹ ಈ ವರ್ಷ ಒಮ್ಮೆ ನೋಡಬೇಕು, ಬೇರೆ ಯಾರ ಮೇಲೂ ತಮಗೆ ನಂಬಿಕೆ ಇಲ್ಲ ಎಂದರು. ಅಳಿಯನಿಗೆ ಅದಕ್ಕಿಂತ ಹೆಚ್ಚಿನ ಸರ್ಟಿಫಿಕೇಟು ಯಾವ ಶಾಲೆ ಕೊಡುತ್ತದೆ?

ಮದುವೆ ಬೂದಿ ಬುಧವಾರಕ್ಕೆ ಒಂದು ವಾರ ಇರುವಾಗ ಆಯಿತು. ಹಿಂದಿನ ದಿನದ ರೋಸಿಗೆ, ಎಂದರೆ ಮದುಮಗನ ತಲೆಗೆ ತೆಂಗಿನ ಹಾಲು ಹೊಯ್ಯುವ ಶಾಸ್ತ್ರಕ್ಕೆ, ನೆಂಟರೆಲ್ಲ ಹೊಯ್ದು ಮುಗಿದ ಮೇಲೆ ನನ್ನ ಜೊತೆಗಾರರನ್ನೂ ಕರೆದೆ. ಬಂಟ ಹೊಯ್ದ. ಬ್ಯಾರಿ ಹೊಯ್ಯುತ್ತ, ಲಾಭ, ಎರಡು, ಮೂರು ಎಂದು ಎಣಿಸತೊಡಗಿದ. ಆರರ ಮುಂದೆ ಇಡೀ ಚಪ್ಪರವೇ ಕೂಗಿತು. ಉಮ್ಮ ಬರಲಾಗದೆ ಒಂದು ಪಾತ್ರೆ ತುಂಬ ಸಿಹಿ ಕಳುಹಿಸಿದ್ದರು, ಉಪ್ಪು ಸರಿಯಾಗಿ ಕಾಣುತ್ತದೆ ಎಂಬ ಸುದ್ದಿಯೊಡನೆ.

ಆಮೇಲೆ ಬ್ಯಾರಿ ಗಲ್ಫಿಗೆ ಹೋದ, ಬಂಟ ಹೋಟೆಲು ಹಾಕಿದ. ಇಬ್ಬರ ಮನೆಯ ಮಾಡೂ ನನ್ನ ಕೈಯದ್ದೇ. ಈಗ ನನ್ನ ಜೊತೆ ಬೇರೆ ಜನ ಇದ್ದಾರೆ. ಆರರ ನಂತರ ಅವರೂ ಮದುವೆ ಎಂದೇ ಕೂಗುತ್ತಾರೆ. ಯಾಕೆ ಎಂದು ಇವತ್ತಿನವರೆಗೆ ಕೇಳಿದವರಿಲ್ಲ. ಸಂಜೆ ಮನೆಯಲ್ಲಿ ಜಪಮಾಲೆ ಮುಗಿದ ಮೇಲೆ ಮಕ್ಕಳು ಕೈಮುಗಿದು ಆಶೀರ್ವಾದ ಕೇಳುತ್ತವೆ, ಅವರ ತಾಯಿ ಸಂಸ್ಕಾರಗಳ ಹೆಸರು ಕೇಳುತ್ತಾಳೆ. ದೊಡ್ಡವಳು ಏಳನೆಯದಕ್ಕೆ ಬಂದಾಗ ನನ್ನ ಕಡೆ ನೋಡುತ್ತಾಳೆ, ನಾನು ಹೇಳಬೇಕು.

ಇದನ್ನು ಬರೆಯುತ್ತಿರುವುದು ೧೯೮೯ರಲ್ಲಿ. ಈಗ ನನ್ನಲ್ಲಿ ಇರುವುದು ಇಷ್ಟು: ಹೆಂಡತಿ ಒಬ್ಬಳು. ಹೆಣ್ಣುಮಕ್ಕಳು ಇಬ್ಬರು, ಗಂಡು ಒಬ್ಬ. ಶಕ್ತಿನಗರದಲ್ಲಿ ನಾನೇ ಮಾಡು ಹೊದಿಸಿದ ಮನೆ ಒಂದು. ಏಣಿ ನಾಲ್ಕು. ಜಪಮಾಲೆ ಐದು. ಅಡಿಗೆಮನೆಯ ಮೇಲೆ ಗಾಜಿನ ಹಂಚು ಎರಡು. ಒಡಕು ಹಂಚು ಒಂದು.